ಕೊಸರು

ಡ್ಯಾಮಿನ ಕೆಳಗೆ, ಕರೆಂಟು ಹುಟ್ಟುವ ಊರಲ್ಲೇ
ಅವತ್ತು ಕರೆಂಟು ಹೋಗಿತ್ತು.
ಆಷಾಢದ ಮಳೆಯೂ ಒಂದು ದಿನ ರಜೆ ಹಾಕಿ
ಬಿ.ಆರ್.ಪಿ.ಯ ಮೇಲೆ ಆಕಾಶ
ತೊಳೆದು ಬೋರಲು ಹಾಕಿದ ಬಾಣಲೆ.
ಕಾಲುವೆ ನೀರಿನ ನೂಕಿಗೆ ದುಂಡು ತೊಟ್ಟಿಯಲ್ಲಿ
ಮೀನಿನ ಮೊಟ್ಟೆ ಮಾತ್ರ ಸುತ್ತುತ್ತಲೇ ಇದ್ದವು.

ಬೆಳಗಿನ ಜಾವ ಮೂರು ಗಂಟೆ. ಬಿಸಿಲೇರುವ ಮುಂಚೆ
ಮರಿಗಳು ಕವರಿಗೆ ಇಳಿಯಬೇಕು, ಆಕ್ಸಿಜನ್ ತುಂಬಬೇಕು,
ರಬ್ಬರು ಬಿಗಿಯಬೇಕು. ಇಪ್ಪತ್ತೊಂದು ವರ್ಷದಿಂದ ನನ್ನ ಕೆಲಸ
ಎಣಿಸುವುದು.
ಹಾಜರಿ ಪುಸ್ತಕದಲ್ಲಿ ದಿನಗೂಲಿ ಅಂಜಲಾ, ಏಳನೇ ಸಾಲು.

ಹೊಳೆಹೊನ್ನೂರಿನಿಂದ ಕಲೀಮುಲ್ಲಾ ಮೇಷ್ಟ್ರು ಬಂದಿದ್ದರು,
ರಿಟೈರಾದ ದುಡ್ಡಲ್ಲಿ ಹೊಂಡ ತೋಡಿಸಿ,
ಹತ್ತು ಸಾವಿರ ಕಾಟ್ಲಾ ಮರಿಗೆ ಚೀಟಿ ಹಿಡಿದು.
"ಅಷ್ಟನ್ನೂ ಒಂದೊಂದಾಗಿ ಎಣಿಸ್ತೀಯೇನಮ್ಮಾ?"
ಹಾಗೆ ಎಣಿಸಿದರೆ ಮುಗಿಯೋ ಹೊತ್ತಿಗೆ
ಸಾರಿಗೆ ಬರ್ತವೆ ಸಾರ್, ಅಂದೆ.

ಎಣಿಸೋದು ಒಂದು ಬಟ್ಟಲು. ಒಂದೇ ಒಂದು.
ತೂತಿನ ಬಟ್ಟಲಲ್ಲಿ ನೀರು ಸೋಸಿ, ಬಿಳಿ ಬೇಸನ್ನಿಗೆ ಬಿಟ್ಟು,
ಟಾರ್ಚು ಹಲ್ಲಲ್ಲಿ ಕಚ್ಚಿ, ಚಮಚದಲ್ಲಿ ನಾಲ್ಕು ನಾಲ್ಕೇ ದಾಟಿಸಿ,
ಮನಸ್ಸಿನೊಳಗೆ ಅಮ್ಮನ ತಮಿಳಲ್ಲಿ ಎಣಿಸಿ
ಕನ್ನಡದಲ್ಲಿ ಬರೆಯೋದು:
ನಾನೂರ ಹನ್ನೆರಡು.
ಆಮೇಲೆ ಬರೀ ಬಟ್ಟಲ ಲೆಕ್ಕ.

ಮೇಷ್ಟ್ರು ಕತ್ತೆತ್ತಿ ನಕ್ಕರು.
"ಅಲ್ಲಿನ ಲೆಕ್ಕವೂ ಹೀಗೇ ಕಣಮ್ಮಾ. ಕೈಚಾಚಿ ಹಿಡಿದ
ಸಾಸಿವೆಕಾಳಿನಷ್ಟು ಆಕಾಶ. ದುರ್ಬೀನು ಹಾಕಿ
ಅದನ್ನ ಎಣಿಸ್ತಾರೆ. ಮಿಕ್ಕಿದ್ದೆಲ್ಲ ಗುಣಾಕಾರ."
ಎಷ್ಟಾಯ್ತಂತೆ ಸಾರ್?
ಬೆರಳು ತೊಟ್ಟಿಗೆ ಅದ್ದಿ, ಒಣ ಸಿಮೆಂಟಿನ ಮೇಲೆ ಎರಡು ಬರೆದು
ಸೊನ್ನೆ ಸುತ್ತುತ್ತಾ ಹೋದರು. ಗೋಡೆ ಮುಟ್ಟಿ, ತಿರುಗಿ,
ಬಲೆ ಒಣಗಿಸುವ ಕಂಬದ ಹತ್ತಿರ ಬಂದು
ಇಪ್ಪತ್ತಮೂರನೆಯದಕ್ಕೆ ಸೊಂಟ ಹಿಡಿದು ನಿಂತರು.
"ಹೆಚ್ಚುಕಮ್ಮಿ" ಅಂದರು.
ಅಷ್ಟರಲ್ಲಿ ಮೊದಲಿನ ಎರಡು ಆರಿಹೋಗಿ
ಸೊನ್ನೆಗಳಷ್ಟೇ ಉಳಿದಿದ್ದವು.

"ಇದರ ಮುಂದೆ ನಾವೆಷ್ಟರವರು, ಹೇಳು."

ನಾನು ಎಷ್ಟರವಳು ಅಂತ ಏಳನೇ ಸಾಲಿಗೆ ಗೊತ್ತು.
ನನಗೆ ಹೆದರಿಕೆಯಾದದ್ದು ಬೇರೆ:
ಆ ಸೊನ್ನೆಗಳೆಲ್ಲ ನಿಂತಿರೋದು ಒಂದು ಬಟ್ಟಲ ಮೇಲಲ್ಲವೇ?
ಎಲ್ಲೋ ಯಾರೋ, ಟಾರ್ಚು ಕಚ್ಚಿಕೊಂಡು ಕೂತವರು,
ನಿದ್ದೆಗಣ್ಣಲ್ಲಿ ಒಂದು ಬಿಟ್ಟರೆ
ಅಲ್ಲೆಷ್ಟು ಸೂರ್ಯರು ಕಮ್ಮಿ!

ಪಳನಿಯಣ್ಣ ನೆನಪಾದ. ನನಗೆ ಎಣಿಕೆ ಕಲಿಸಿದವನು.
ಕಣ್ಣಿಗೆ ಪೊರೆ ಬಂದ ಮೇಲೆ ಬೆರಳ ತುದಿಯಲ್ಲೇ ಎಣಿಸುತ್ತಿದ್ದ.
ಒಂದು ರಾತ್ರಿ, ಮುನ್ನೂರು ದಾಟಿದ ಮೇಲೆ ಯಾಕೋ ಅನುಮಾನ ಬಂದು
ಎಲ್ಲ ವಾಪಸ್ಸು ಸುರಿದು ಮತ್ತೆ ಒಂದರಿಂದ ಹಿಡಿದ,
ಗೇಟಿನಲ್ಲಿ ಲಾರಿಯವನು ಹಾರನ್ನು ಒತ್ತುತ್ತಲೇ ಇದ್ದ.
ಒಂದೆರಡಕ್ಕೆ ಯಾರಿಗಣ್ಣಾ ಗೊತ್ತಾಗೋದು, ಅಂದಿದ್ದೆ.
"ಮರಿಗೆ ಗೊತ್ತಾಗುತ್ತೆ" ಅಂದ.

ಮೇಷ್ಟ್ರಿಗೆ ಇಪ್ಪತ್ತನಾಲ್ಕೂಕಾಲು ಬಟ್ಟಲು.
ಹತ್ತು ಸಾವಿರಕ್ಕೆ ಒಂಬತ್ತು ಕಮ್ಮಿ.
ಕೊನೇ ಕವರಿನ ಬಾಯಿ ಕಟ್ಟುವ ಮುಂಚೆ, ಬೊಗಸೆಯಲ್ಲಿ ಒಂದಿಷ್ಟು
ಎಣಿಸದೆ ಬಿಟ್ಟೆ.
"ಇದೇನು?"
ಕೊಸರು ಸಾರ್. ದಾರಿಯಲ್ಲಿ ಸಾಯೋವಕ್ಕೆ,
ನನ್ನ ಕಣ್ಣು ತಪ್ಪಿದ್ದಕ್ಕೆ.
ಬಿಲ್ಲಿಗೆ ಬರಲ್ಲ.

ಅವರು ಕವರೆತ್ತಿ ಆಕಾಶಕ್ಕೆ ಹಿಡಿದರು.
ಒಳಗೆ ಚುಕ್ಕಿ ಚುಕ್ಕಿ ಕಣ್ಣು, ಆಚೆ ಚುಕ್ಕಿ,
ನಡುವೆ ಒಂದು ಪ್ಲಾಸ್ಟಿಕ್ಕಿನ ಹಾಳೆ.
ಬಹಳ ಹೊತ್ತು ನೋಡಿದರು.
"ಅಂಜಲಾ, ಇದರಲ್ಲಿ ಕೊಸರು ಯಾವುದು?"
ನೀರಿಗೆ ಬಿಟ್ಟ ಮೇಲೆ ಹೇಳೋಕಾಗಲ್ಲ ಸಾರ್.

ಆಟೋ ಹೋಯಿತು, ಕವರುಗಳನ್ನು ಮಕ್ಕಳಂತೆ
ತೊಡೆ ಮೇಲೆ ಕೂರಿಸಿಕೊಂಡು.
ಬೇಸನ್ನು ತೊಳೆಯಲು ಕೂತೆ. ಅಂಚಿಗೆ ಅಂಟಿ
ಒಂದು ಮರಿ ಉಳಿದಿತ್ತು, ರೆಪ್ಪೆಕೂದಲಿನಷ್ಟು.
ಎಣಿಸಿದ್ದೆನೋ ಇಲ್ಲವೋ.
ತೊಟ್ಟಿಗೆ ಬಿಟ್ಟೆ.
ಬಾಲ ಅಲ್ಲಾಡಿಸಿ ಹೋಯಿತು.